ಲಾರಿಯನ್ನು ರೈಲಿಗೆ ಹತ್ತಿಸಿದ ಕಥೆ

"ಚಕ್ರ ಇರುವುದು ಓಡಲಿಕ್ಕೆ ಮಾರಾಯ, ರೈಲು ಹತ್ತಿ ಕೂರಲಿಕ್ಕಲ್ಲ" ಅಂತ ನಮ್ಮಲ್ಲಿನ ಹಳೆಯ ಲಾರಿ ಮಾಲೀಕರೊಬ್ಬರು ನಕ್ಕಿದ್ದರು. ಪುತ್ತೂರಿನ ಅಡಿಕೆ ಹೊತ್ತು ಅಹಮದಾಬಾದಿಗೆ ಹೋಗುವ ನನ್ನ ಹನ್ನೆರಡು ಚಕ್ರದ ಗಾಡಿ ಈಗ ಸುರತ್ಕಲ್‌ನಿಂದ ಮಹಾರಾಷ್ಟ್ರದ ಕೋಲಾಡದವರೆಗೆ ಕೊಂಕಣ ರೈಲ್ವೆಯ ರೋ-ರೋದಲ್ಲೇ, ಅಂದರೆ ಲೋಡು ಸಮೇತ ಲಾರಿಯನ್ನೇ ಹೊರುವ ರೈಲಿನಲ್ಲೇ, ಹೋಗುತ್ತದೆ. ಎರಡು ಮಳೆಗಾಲ ಕಳೆಯಿತು.

ಮೊದಲ ಸಲ ಮರ್ಯಾದೆಯೇ ಹೋಯಿತು. ರೈಲಿಗೆ ಹತ್ತುವ ಗಾಡಿಗೆ ಲೋಡು ಸೇರಿ ಎತ್ತರದ ಮಿತಿ ಸುಮಾರು 3.4 ಮೀಟರ್. ಟಾರ್ಪಾಲಿನ ಗಂಟು ನಾಲ್ಕು ಬೆರಳು ಮೇಲಿತ್ತು. ಯಾರ್ಡಿನಲ್ಲೇ 20 ಚಿಲ್ಲರೆ ಚೀಲ ಇಳಿಸಿ, ಪಿಕಪ್ ಕರೆಸಿ ವಾಪಸ್ ಕಳಿಸುವಷ್ಟರಲ್ಲಿ ರೇಕ್, ಅಂದರೆ ಲಾರಿ ಹೊರುವ ಆ ರೈಲು, ಹೊರಟೇಹೋಯಿತು. ಮುಂದಿನದಕ್ಕೆ ಎರಡು ರಾತ್ರಿ ಕಾದದ್ದು. ಕೂಲಿ, ಬಾಡಿಗೆ, ತಡವಾದದ್ದಕ್ಕೆ ಪಾರ್ಟಿ (ಮಾಲಿನ ಗಿರಾಕಿ) ದುಡ್ಡು ಮುರಿದುಕೊಂಡದ್ದು, ಎಲ್ಲ ಸೇರಿ 9 ಸಾವಿರದಷ್ಟು ಹೋಯಿತು. ಈಗ ಅದೇ ಚೀಲಗಳನ್ನು ಬೇರೆ ವರಸೆಯಲ್ಲಿ ಒಟ್ಟುತ್ತೇವೆ, ಒಂದೂ ಬಿಡುವುದಿಲ್ಲ. ವರಸೆ ಯಾವುದು ಅಂತ ಕೇಳಬೇಡಿ.

ಲೆಕ್ಕ ಹಾಕುವಾಗ ಎಲ್ಲರೂ ಡೀಸೆಲ್ ಹಿಡಿಯುತ್ತಾರೆ. ಏಳುನೂರು ಚಿಲ್ಲರೆ ಕಿ.ಮೀ.ಗೆ 200 ಲೀಟರ್, ಹದಿನೇಳು-ಹದಿನೆಂಟು ಸಾವಿರ. ಅದರ ಎದುರು ರೈಲಿನ ಬಾಡಿಗೆ ಇಟ್ಟರೆ ನಾನೂ ಬಿಟ್ಟುಬಿಡುತ್ತಿದ್ದೆ. ಲಾಭ ಇರುವುದು ಡ್ರೈವರನ ನಿದ್ದೆಯಲ್ಲಿ. ಚಕ್ರಕ್ಕೆ ಅಡ್ಡ ಕೊಟ್ಟು ಸರಪಳಿ ಬಿಗಿದ ಮೇಲೆ ಅವನು ಕ್ಯಾಬಿನ್ನಿನಲ್ಲೇ ಕಾಲು ಚಾಚುತ್ತಾನೆ. ರಸ್ತೆಯಲ್ಲಿ ಸಿಗುವ ಪರಶುರಾಮ ಘಾಟಿ, ಕಶೇಡಿ ಘಾಟಿ ಎರಡರ ತಲೆಬಿಸಿಯೂ ಇಲ್ಲ. ಕೋಲಾಡದಲ್ಲಿ ಇಳಿದು ಮುಖ ತೊಳೆದು ಹೊರಟರೆ ಉಳಿದ ಆರುನೂರು ಕಿ.ಮೀ. ಅವನೊಬ್ಬನದ್ದೇ. ಎರಡನೇ ಡ್ರೈವರನ ಬಾಟಾ (ಭತ್ಯೆ) ಉಳಿಯಿತು, ತಿಂಗಳಿಗೆ ಮೂರಿದ್ದ ಟ್ರಿಪ್ ಹೆಚ್ಚುಕಡಿಮೆ ನಾಲ್ಕಾಯಿತು. ಟಯರ್ ಲೆಕ್ಕ ಬೇರೆಯೇ ಉಂಟು. ಒಂದೇ ಎಚ್ಚರ: ಮೇಲೆ ಕರೆಂಟಿನ ತಂತಿ, ಹಗ್ಗ ಸಡಿಲಾಯಿತೆಂದು ಯಾರೂ ಲೋಡಿನ ಮೇಲೆ ಹತ್ತಬಾರದು. ಹಾಗಾಗಿ ಹತ್ತಿಸುವ ಮೊದಲೇ ಎರಡೆರಡು ಸಲ ಬಿಗಿಸುತ್ತೇನೆ.

ಹುರುಪಿನಲ್ಲಿ ಒಮ್ಮೆ ಸಮುದ್ರಕ್ಕೂ ಕೈಹಾಕಿದೆ. ಗುಜರಾತಿನ ಮೋರ್ಬಿಯ ಟೈಲ್ಸ್ ಕಂಟೇನರಿನಲ್ಲಿ ತುಂಬಿಸಿ ಹಡಗಿನಲ್ಲಿ ಪಣಂಬೂರಿಗೆ ತರಿಸಿದೆ. ಒಡೆದದ್ದು ನಾಲ್ಕೇ ಪೆಟ್ಟಿಗೆ, ಲಾರಿಯಲ್ಲಿ ಅಷ್ಟು ಕಡಿಮೆ ಆದದ್ದೇ ಇಲ್ಲ. ಆದರೆ ಕೈಗೆ ಸಿಗುವಾಗ ಹದಿನೈದು ದಿನ. ಗೃಹಪ್ರವೇಶದ ದಿನ ಇಟ್ಟುಕೊಂಡವರ ಬಾಯಲ್ಲಿ ನಾನು ಏನೇನು ಕೇಳಿದೆ ಅಂತ ಬರೆಯುವುದು ಬೇಡ. ಸಿಮೆಂಟಿನ ಹಾಗೆ ತಿಂಗಳು ತಿಂಗಳು ಬೇಕಾಗುವ ಮಾಲಿಗೆ ಸರಿ, ನನ್ನ ಪಾರ್ಟಿಗಳಿಗಲ್ಲ.

ನಕ್ಕವರು ಮೊನ್ನೆ ಫೋನ್ ಮಾಡಿ ರೇಕಿನಲ್ಲಿ ಜಾಗ ಹಿಡಿಯುವುದು ಹೇಗೆ ಅಂತ ಕೇಳಿದರು. ಅರ್ಧ ಹೇಳಿದೆ. ನನ್ನ ಇನ್ನೊಂದು ಗಾಡಿಯ ಬಾಡಿ ಮಿತಿಗಿಂತ ಮೂರು ಬೆರಳು ಎತ್ತರ, ಅದು ಈಗ ಗ್ಯಾರೇಜಿನಲ್ಲಿ ಕತ್ತರಿಸಿಕೊಳ್ಳುತ್ತಾ ಉಂಟು.