ಚಂದಮಾಮನನ್ನು ತೋರಿಸಿದಾಗ ಮಗು ಎತ್ತ ನೋಡುತ್ತೆ? ಆಟಿಸಂ ತಪಾಸಣೆಗೆ ಹೋಗಬೇಕೋ ಬೇಡವೋ ಅನ್ನುವವರಿಗೆ

ಆಟಿಸಂ ಅಂದರೆ ಬೇರೆಯವರ ಜೊತೆ ಬೆರೆಯುವ, ಮಾತಾಡುವ ರೀತಿಯೇ ಬೇರೆಯಾಗಿರುವ ಬೆಳವಣಿಗೆಯ ಸ್ಥಿತಿ. ಅದಿರಬಹುದಾ ಅಂತ ನನಗೆ ಅನುಮಾನ ಬಂದಾಗ ನನ್ನ ಮಗನಿಗೆ ಎರಡು ವರ್ಷ ನಾಲ್ಕು ತಿಂಗಳು. ತಪಾಸಣೆ ಮಾಡಿಸಿದ್ದು ಮೂರು ವರ್ಷ ಎರಡು ತಿಂಗಳಿಗೆ. ನಡುವಿನ ಹತ್ತು ತಿಂಗಳು ಹೋಗಿದ್ದು ‘ನೋಡೋಣ’ ಅನ್ನೋ ಮಾತಲ್ಲಿ. ಗಂಡು ಮಕ್ಕಳಿಗೆ ಮಾತು ತಡ ಅಂದರು. ಅವರಪ್ಪನೂ ನಾಲ್ಕು ವರ್ಷಕ್ಕೆ ಬಾಯಿ ಬಿಟ್ಟಿದ್ದು ಅಂದರು. ಅತ್ತೆ ಬಜೆ ತೇದು ನಾಲಿಗೆಗೆ ಹಚ್ಚಿದರು, ನಾನು ಹರಕೆ ಹೊತ್ತೆ. ನಾವು ತೋರಿಸುತ್ತಿದ್ದ ಡಾಕ್ಟರೂ ಐದು ವರ್ಷ ತುಂಬಲಿ ಅಂದರು. ಆ ಹತ್ತು ತಿಂಗಳು ನಿಮಗೆ ಉಳಿಯಲಿ ಅಂತ ಇದನ್ನು ಬರೆಯುತ್ತಿದ್ದೇನೆ.

ನಾವೆಲ್ಲ ಮಾತನ್ನೇ ನೋಡುತ್ತೇವೆ. ಅದಕ್ಕಿಂತ ಮೊದಲು ನೋಡಬೇಕಾದ್ದು ಬೇರೆ ಇದೆ. ರಾತ್ರಿ ಅಂಗಳದಲ್ಲಿ ತುತ್ತು ಕೊಡುವಾಗ ‘ಅಲ್ನೋಡು ಚಂದಮಾಮ’ ಅಂತ ಬೆರಳು ತೋರಿಸಿ. ಒಂದೂವರೆ ವರ್ಷದ ಹೊತ್ತಿಗೆ ಹೆಚ್ಚಿನ ಮಕ್ಕಳು ನಿಮ್ಮ ಬೆರಳು ಹಿಡಿದ ದಿಕ್ಕಿಗೆ ನೋಡುತ್ತಾರೆ. ಆಮೇಲೆ ತಾವೇ ಬೆರಳು ಮಾಡಿ, ನೀವೂ ನೋಡಿದಿರಾ ಅಂತ ನಿಮ್ಮ ಮುಖದ ಕಡೆ ತಿರುಗುತ್ತಾರೆ. ನನ್ನ ಮಗ ಚಂದ್ರನನ್ನೂ ನೋಡುತ್ತಿರಲಿಲ್ಲ, ನನ್ನ ಮುಖವನ್ನೂ ನೋಡುತ್ತಿರಲಿಲ್ಲ. ನೀರು ಬೇಕಾದರೆ ನನ್ನ ಮಣಿಕಟ್ಟು ಹಿಡಿದು ಎಳೆದೊಯ್ದು, ನನ್ನ ಕೈಯನ್ನೇ ಬಿಂದಿಗೆ ಮೇಲೆ ಇಡುತ್ತಿದ್ದ. ಆಟದ ಟ್ರ್ಯಾಕ್ಟರನ್ನು ತಲೆಕೆಳಗು ಮಾಡಿ ಗಾಲಿ ತಿರುಗಿಸುತ್ತಾ ಅರ್ಧ ಗಂಟೆ ಕೂರುತ್ತಿದ್ದ. ಹೆಸರು ಹಿಡಿದು ಕರೆದರೆ ತಿರುಗದವನು ಬಿಸ್ಕತ್ ಪೊಟ್ಟಣ ಬಿಚ್ಚಿದ ಸದ್ದಿಗೆ ಒಳಮನೆಯಿಂದ ಓಡಿ ಬರುತ್ತಿದ್ದ.

ಇವುಗಳಲ್ಲಿ ಒಂದು ಕಂಡ ಮಾತ್ರಕ್ಕೆ ಆಟಿಸಂ ಅಂತಲ್ಲ. ಗಾಲಿ ತಿರುಗಿಸುವ ಮಕ್ಕಳು ಬೇಕಾದಷ್ಟಿದ್ದಾರೆ. ಎರಡು ವಾರ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ. ಹತ್ತು ಸಲ ಕರೆದರೆ ಎಷ್ಟು ಸಲ ತಿರುಗಿತು, ಏನಾದರೂ ತಂದು ತೋರಿಸಿತಾ, ಟಾಟಾ ಮಾಡಿತಾ, ಬೊಂಬೆಗೆ ಊಟ ಮಾಡಿಸುವ ಹಾಗೆ ಸುಳ್ಳು ಆಟ ಆಡಿತಾ, ಯಾವ ಸದ್ದಿಗೆ ಕಿವಿ ಮುಚ್ಚಿಕೊಂಡಿತು. ಮೊಬೈಲಿನಲ್ಲಿ ಎರಡೆರಡು ನಿಮಿಷದ ವಿಡಿಯೊ ಮಾಡಿಕೊಳ್ಳಿ. ಆಸ್ಪತ್ರೆಯ ಕೋಣೆಯಲ್ಲಿ ಮಗು ಮನೆಯಲ್ಲಿದ್ದ ಹಾಗೆ ಇರುವುದಿಲ್ಲ.

16ರಿಂದ 30 ತಿಂಗಳ ಮಕ್ಕಳಿಗೆ ಎಂ-ಚಾಟ್-ಆರ್ ಅಂತ 20 ಪ್ರಶ್ನೆಗಳ ಪಟ್ಟಿ ಇದೆ, ಇಂಟರ್‌ನೆಟ್ಟಿನಲ್ಲಿ ಉಚಿತ. ಅಂಕ 3ಕ್ಕಿಂತ ಕಡಿಮೆ ಬಂದರೆ ಅಪಾಯ ಕಡಿಮೆ. 3ರಿಂದ 7 ಬಂದರೆ ಇನ್ನಷ್ಟು ಬಿಡಿಸಿ ಕೇಳಬೇಕು, 8 ಅಥವಾ ಅದಕ್ಕಿಂತ ಹೆಚ್ಚು ಬಂದರೆ ನೇರವಾಗಿ ತಪಾಸಣೆಗೆ ಹೋಗಬೇಕು. ಅದು ಸೋಸುವ ಜರಡಿ ಮಾತ್ರ, ಇದೆ ಅಥವಾ ಇಲ್ಲ ಅಂತ ಅದು ಹೇಳುವುದಿಲ್ಲ. ಅಂಕ ಕಡಿಮೆ ಬಂದರೂ ನಿಮ್ಮ ಕಳವಳ ಹೋಗದಿದ್ದರೆ ಹೊರಡಿ.

ಎರಡು ವಾರವೂ ಕಾಯಬಾರದ ಸಂದರ್ಭ ಒಂದಿದೆ. ಬರುತ್ತಿದ್ದ ಮಾತು, ನಗು, ಟಾಟಾ ನಿಂತುಹೋದರೆ ಅದೇ ವಾರ ಡಾಕ್ಟರ ಹತ್ತಿರ ಹೋಗಿ.

ಮೊಬೈಲಿನಿಂದಲೇ ಹೀಗಾಗಿದೆ, ಬಿಡಿಸಿ ಮೂರು ತಿಂಗಳು ನೋಡಿ ಅನ್ನುವವರು ಸಿಗುತ್ತಾರೆ. ಮೊಬೈಲ್ ಬಿಡಿಸಿ, ಒಳ್ಳೆಯದೇ. ಆದರೆ ಬಿಡಿಸಿದ ದಿನವೇ ಅಪಾಯಿಂಟ್‌ಮೆಂಟನ್ನೂ ತೆಗೆದುಕೊಳ್ಳಿ. ಮನೆಯಲ್ಲಿ ಎರಡು ಭಾಷೆ ಆಡುವುದರಿಂದ ಆಟಿಸಂ ಬರುವುದಿಲ್ಲ, ಲಸಿಕೆಯಿಂದಲೂ ಬರುವುದಿಲ್ಲ. ಲಸಿಕೆಯ ಮೇಲೆ ಅನುಮಾನ ಹುಟ್ಟಿಸಿದ 1998ರ ಲೇಖನವನ್ನು ಪ್ರಕಟಿಸಿದ ಪತ್ರಿಕೆಯೇ 2010ರಲ್ಲಿ ಹಿಂದಕ್ಕೆ ಪಡೆಯಿತು. ತಾಯಿ ಮುದ್ದು ಮಾಡಲಿಲ್ಲ ಅಂತ ಬರುವುದೂ ಅಲ್ಲ. ಈ ಮಾತನ್ನು ನನಗೆ ಯಾರಾದರೂ ಮೊದಲೇ ಹೇಳಿದ್ದರೆ ಎಷ್ಟೋ ರಾತ್ರಿ ನಿದ್ದೆ ಬರುತ್ತಿತ್ತು.

ನನ್ನನ್ನು ನಿಜವಾಗಿ ತಡೆದಿದ್ದು ಹೆಸರಿನ ಭಯ. ಒಂದು ಸಲ ಬರೆದುಬಿಟ್ಟರೆ ಸ್ಕೂಲಿನಲ್ಲಿ ಸೇರಿಸಿಕೊಳ್ಳುತ್ತಾರಾ, ಮುಂದೆ ಏನು ಗತಿ ಅಂತ. ತಪಾಸಣೆಯ ವರದಿ ನಿಮ್ಮ ಕೈಗೆ ಬರುತ್ತೆ, ಯಾರಿಗೆ ತೋರಿಸಬೇಕು ಅನ್ನುವುದು ನಿಮ್ಮ ಇಷ್ಟ. ಅಂಗವಿಕಲತೆಯ ಗುರುತಿನ ಚೀಟಿಗೆ, ಅಂದರೆ ಯುಡಿಐಡಿ ಕಾರ್ಡಿಗೆ, ನೀವೇ ಬೇರೆ ಅರ್ಜಿ ಹಾಕಬೇಕು, ಅದು ತಾನಾಗಿ ಬರುವುದಲ್ಲ. ಅಂಗವಿಕಲರ ಹಕ್ಕುಗಳ 2016ರ ಕಾಯ್ದೆಯ 21 ಅಂಗವೈಕಲ್ಯಗಳಲ್ಲಿ ಆಟಿಸಂ ಕೂಡ ಇದೆ, ಹಾಗಾಗಿ ಬೇಕೆನಿಸಿದಾಗ ಆ ದಾರಿಯೂ ತೆರೆದಿರುತ್ತೆ. ತಪಾಸಣೆಯಲ್ಲಿ ಏನೂ ಇಲ್ಲ ಅಂತಾದರೆ ನೀವು ಕಳೆದುಕೊಳ್ಳುವುದು ಎರಡು ದಿನದ ರಜೆ, ಓಡಾಟದ ಖರ್ಚು. ಇದ್ದರೆ, ಕಲಿಸುವುದನ್ನು ಮೂರು ವರ್ಷಕ್ಕೆ ಶುರು ಮಾಡುವುದಕ್ಕೂ ಆರಕ್ಕೆ ಶುರು ಮಾಡುವುದಕ್ಕೂ ತುಂಬಾ ವ್ಯತ್ಯಾಸ ಇದೆ. ಹಾಗಂತ ದೊಡ್ಡ ಮಕ್ಕಳಿಗೆ ಹೊತ್ತು ಮೀರಿತು ಅಂತಲ್ಲ. ಅದರಲ್ಲೂ ಹೆಣ್ಣು ಮಕ್ಕಳು ಬೇರೆಯವರನ್ನು ನೋಡಿ ಹಾಗೇ ನಟಿಸಿಕೊಂಡು ಹೋಗುವುದರಿಂದ ಎಷ್ಟೋ ವರ್ಷ ಯಾರಿಗೂ ಗೊತ್ತಾಗುವುದಿಲ್ಲ.

ಮೊದಲು ಕಿವಿ ಪರೀಕ್ಷೆ ಆಗಲಿ. ಬಿಸ್ಕತ್ ಸದ್ದು ಕೇಳುವ ಮಗುವಿಗೂ ಮಾತಿನ ಕೆಲವು ಸದ್ದು ಕೇಳದಿರಬಹುದು. ಬೇರಾ (BERA) ಅನ್ನುವ ಕಿವಿ ಪರೀಕ್ಷೆ ಮಗು ಮಲಗಿದ್ದಾಗ ಮಾಡುವಂಥದ್ದು, ಅದಕ್ಕೆ ಹಿಂದಿನ ರಾತ್ರಿ ತಡವಾಗಿ ಮಲಗಿಸಿ ಅನ್ನುತ್ತಾರೆ. ಆಟಿಸಂ ಗೊತ್ತುಮಾಡುವ ರಕ್ತ ಪರೀಕ್ಷೆ, ಸ್ಕ್ಯಾನ್ ಅಂತ ಯಾವುದೂ ಇಲ್ಲ. ಮಗುವಿನ ಜೊತೆ ಆಡಿ, ನಮ್ಮನ್ನು ಕೇಳಿ, ನೋಡಿಯೇ ಹೇಳುತ್ತಾರೆ. ನಾವು ಅರಸೀಕೆರೆಯಿಂದ ರೈಲಿನಲ್ಲಿ ಮೈಸೂರಿನ ವಾಕ್ ಶ್ರವಣ ಸಂಸ್ಥೆಗೆ ಹೋದೆವು. ಅಲ್ಲಿ ಕಿವಿ, ಮಾತು, ಮನಸ್ಸು ಮೂರನ್ನೂ ಒಂದೇ ಆವರಣದಲ್ಲಿ ನೋಡುತ್ತಾರೆ. ಬೆಂಗಳೂರಿನ ಕಡೆಯವರಿಗೆ ನಿಮ್ಹಾನ್ಸಿನ ಮಕ್ಕಳ ವಿಭಾಗ ಇದೆ. ದೂರ ಹೋಗಲಾಗದವರು ಜಿಲ್ಲಾಸ್ಪತ್ರೆಯಲ್ಲಿ ಡಿಇಐಸಿ, ಅಂದರೆ ಮಕ್ಕಳ ಬೆಳವಣಿಗೆಯ ತೊಂದರೆಯನ್ನು ಬೇಗ ಗುರುತಿಸಿ ನೋಡುವ ಕೇಂದ್ರ, ಇದೆಯಾ ಕೇಳಿ. ಮಕ್ಕಳ ಆರೋಗ್ಯ ನೋಡಲು ಅಂಗನವಾಡಿಗೆ ಬರುವ ಸರ್ಕಾರದ ಆರ್‌ಬಿಎಸ್‌ಕೆ ತಂಡದವರೂ ಅಲ್ಲಿಗೆ ಚೀಟಿ ಬರೆದುಕೊಡುತ್ತಾರೆ.

ಚೀಲದಲ್ಲಿ ತಾಯಿ ಕಾರ್ಡ್, ಹೆರಿಗೆಯ ಕಾಗದ, ನೋಟ್‌ಬುಕ್ಕು, ಮಗುವಿಗೆ ಇಷ್ಟದ ತಿಂಡಿ, ಆಟಿಕೆ ಇರಲಿ. ಮಗುವನ್ನು ಹೆಚ್ಚು ಹೊತ್ತು ನೋಡಿಕೊಳ್ಳುವವರನ್ನೂ ಕರೆದುಕೊಂಡು ಹೋಗಿ, ಅವರು ಬೇಡ ಅನ್ನುತ್ತಿದ್ದರೂ ಸರಿ. ನಮ್ಮತ್ತೆ ಮೈಸೂರಿನವರೆಗೂ ಬೈದುಕೊಂಡೇ ಬಂದರು. ಮಾತು ಮೊದಲು ಬಂದಿದ್ದು ಯಾವಾಗ, ನಿಂತಿದ್ದು ಯಾವಾಗ ಅಂತ ಅಲ್ಲಿ ಕೇಳಿದಾಗ ನಾನು ತಡವರಿಸಿದೆ. ಅತ್ತೆ ತಡೆಯದೆ ಹೇಳಿದರು: “ಯುಗಾದಿವರೆಗೂ ಅಜ್ಜಿ ಅಂತಿದ್ದ. ಆಮೇಲೆ ಒಂದು ಸಲಾನೂ ಅನ್ಲಿಲ್ಲ.” ಅಷ್ಟು ದಿನವೂ ಅವರು ಅದನ್ನು ಮನಸ್ಸಿನಲ್ಲೇ ಎಣಿಸುತ್ತಾ ಬಂದಿದ್ದರು.