ಮರಗೆಣಸಿನ ಮೇಲೆ ಕಾಡು ನೆಂಟನ ಕಸಿ

ಮಲೆನಾಡಲ್ಲಿ ಕಾಳುಮೆಣಸಿನ ಹಿಪ್ಲಿ ಕಸಿ ಎಲ್ಲರಿಗೂ ಗೊತ್ತು. ಸೊರಗು ರೋಗ ತಡೆಯೋ ಬ್ರೆಜಿಲ್ ಹಿಪ್ಲಿ ಕೆಳಗೆ, ನಮ್ಮ ಪಣಿಯೂರು ತಳಿಯ ಮೆಣಸು ಮೇಲೆ. ಮರಗೆಣಸಿನಲ್ಲಿ ಇದೇ ಕೆಲಸ ಉಲ್ಟಾ: ಗೆಣಸು ಕೆಳಗೆ, ಅದರ ಕಾಡು ನೆಂಟ ಮೇಲೆ. ಆ ಮರದ ದೊಡ್ಡ ಎಲೆಗಳು ಮಾಡುವ ಆಹಾರವನ್ನು ಗೆಣಸಿನ ಬೇರು ಗೆಡ್ಡೆಯಾಗಿ ಕೂಡಿಡುತ್ತದೆ. 1950ರ ದಶಕದಲ್ಲಿ ಜಾವಾದ ರೈತ ಮುಕಿಬಟ್ ಇದನ್ನು ಮಾಡಿ ತೋರಿಸಿದರು, ಪದ್ಧತಿಗೆ ಈಗಲೂ ಅವರದೇ ಹೆಸರು.

ಆ ನೆಂಟ ಸಿಯಾರಾ ರಬ್ಬರ್, ಅಂದರೆ ಮನಿಹಾಟ್ ಗ್ಲಾಜಿಯೋವಿ. ಇದೂ ಬ್ರೆಜಿಲ್ಲಿನದೇ, ರಬ್ಬರ್ ಹಾಲಿಗಾಗಿ ಭಾರತಕ್ಕೆ ಬಂದ ಮರ. ದೂರದಿಂದ ಮರಗೆಣಸೇ ಅನ್ನಿಸುತ್ತದೆ. ಹತ್ತಿರ ಹೋಗಿ ಎಲೆ ತಿರುಗಿಸಿ ನೋಡಿ. ಬೆರಳುಗಳು ಅಗಲ, ತೊಟ್ಟು ಅಂಚಿಗೆ ಸೇರದೆ ಸ್ವಲ್ಪ ಒಳಗೆ ಕೂತಿರುತ್ತದೆ. ತೊಗಟೆ ತೆಳು ಕಾಗದದ ಹಾಗೆ ಸುಲಿಯುತ್ತದೆ.

ಮೇ ತಿಂಗಳಲ್ಲಿ, ಮಳೆ ಹಿಡಿಯುವ ಮುಂಚೆ, ಕೊಟ್ಟಿಗೆಯ ನೆರಳಲ್ಲಿ ಕೂತು ಕಸಿ ಮಾಡಿ. ಬಲಿತ ಗೆಣಸಿನ ಕಡ್ಡಿ ಒಂದು ಅಡಿಗಿಂತ ಸ್ವಲ್ಪ ಜಾಸ್ತಿ ಇರಲಿ, ಎಲೆ ಮುದುಡಿ ಹಳದಿ ಮಚ್ಚೆ ಬಿದ್ದ ಗಿಡದ್ದು ಬೇಡವೇ ಬೇಡ. ಅದರ ತುದಿ ಸೀಳಿ, ಅಷ್ಟೇ ದಪ್ಪದ ಕಾಡು ಕಡ್ಡಿಯನ್ನು ಬೆಣೆಯ ಹಾಗೆ ಚೂಪು ಮಾಡಿ ಕೂರಿಸಿ. ಹಾಲು ಸುರಿಯುತ್ತದೆ, ಬಟ್ಟೆಯಲ್ಲಿ ಒರೆಸಿ. ಎರಡರ ತೊಗಟೆ ಒಂದು ಪಕ್ಕದಲ್ಲಾದರೂ ಸರಿಯಾಗಿ ಕೂಡಬೇಕು, ಕಸಿ ಹಿಡಿಯುವುದು ಅಲ್ಲೇ. ಪ್ಲಾಸ್ಟಿಕ್ ಪಟ್ಟಿ ಬಿಗಿದು ಚೀಲದಲ್ಲಿ ನೆಡಿ. ಚಿಗುರಿದ ಮೇಲೆ ಎತ್ತರದ ಗುಡ್ಡೆಗೆ, 6 ಅಡಿ ಅಂತರದಲ್ಲಿ ಇಡಿ, ನಮ್ಮ ಮಳೆಗೆ ತಗ್ಗಿನಲ್ಲಿಟ್ಟರೆ ಗೆಡ್ಡೆ ಕೊಳೆಯುತ್ತದೆ. ಕಸಿಯ ಕೆಳಗೆ ಬರುವ ಚಿಗುರನ್ನು ಬಿಡದೆ ಚಿವುಟಿ.

ಒಂದು ಮಾತು. ಕಸಿ ಮಾಡಿದರೆ ಮೊಸಾಯಿಕ್ ರೋಗ, ಅಂದರೆ ಎಲೆ ಮುದುಡಿ ಹಳದಿ ಮಚ್ಚೆ ಬೀಳುವ ಆ ರೋಗ, ಹತ್ತಿರ ಬರಲ್ಲ ಅಂದುಕೊಳ್ಳಬೇಡಿ. ಕಾಡು ನೆಂಟನ ರೋಗ ತಡೆಯುವ ಗುಣ ಗೆಣಸಿನ ರಕ್ತಕ್ಕೇ ಇಳಿಯಬೇಕಾದರೆ ಹೂವಿನಿಂದ ಹೂವಿಗೆ ಪರಾಗ ಹಾಕಿ ತಳಿ ಎಬ್ಬಿಸಬೇಕು. 1930ರ ದಶಕದಲ್ಲಿ ಆಫ್ರಿಕಾದ ಅಮಾನಿಯಲ್ಲಿ, ಅಂದರೆ ಇವತ್ತಿನ ಟಾಂಜಾನಿಯಾದಲ್ಲಿ, ಇದೇ ಮರವನ್ನು ಗೆಣಸಿಗೆ ಕೂಡಿಸಿ, ಬಂದ ಸಸಿಗಳನ್ನು ಮತ್ತೆ ಮತ್ತೆ ಗೆಣಸಿಗೇ ಕೂಡಿಸಿದರು. ಮುಂದೆ ನೈಜೀರಿಯಾದ ಇಬಾದಾನಿನಲ್ಲಿ ಎಬ್ಬಿಸಿದ ರೋಗ ತಡೆಯುವ ತಳಿಗಳಲ್ಲಿ ಆ ರಕ್ತ ಇದೆ. ಬೇಲಿಯಲ್ಲಿ ಸುಮ್ನೆ ನಿಂತಿದೆ ಅಂತ ಕಡಿಯುವ ಮರ ಇದು, ನೋಡಿದರೆ ಹೊಟ್ಟೆ ಉರಿಯುತ್ತದೆ.

ಗೆಡ್ಡೆ ಕೀಳಲು ವರ್ಷ ಕಾಯಿರಿ. ಸಿಪ್ಪೆ ದಪ್ಪಗೆ ತೆಗೆದು, ಹೆಚ್ಚಿ, ತುಂಬಾ ನೀರಲ್ಲಿ ಬೇಯಿಸಿ ಆ ನೀರು ಚೆಲ್ಲಿ. ಕಹಿ ಇದ್ದರೆ ತಿನ್ನಬೇಡಿ. ಕಾಡು ಮರದ ಎಲೆಯನ್ನು ದನಕ್ಕೆ ಹಾಕಲೇಬೇಡಿ, ಅದರಲ್ಲಿ ಸಯನೈಡ್ ವಿಷ ಇರುತ್ತದೆ.