ಯುಐಒ-66ರಲ್ಲಿ ದೋಷವನ್ನು ಉಂಟುಮಾಡುವುದು, ಎಣಿಸುವುದು, ಕೆಲಸಕ್ಕೆ ಹಚ್ಚುವುದು

ಪ್ರಾಜೆಕ್ಟಿನ ಕಾಲ ಬಂತೆಂದರೆ ದಾವಣಗೆರೆ, ಚಿತ್ರದುರ್ಗದ ಎಂ.ಎಸ್ಸಿ. ವಿದ್ಯಾರ್ಥಿಗಳು ಬಿಳಿ ಪುಡಿಯ ಶೀಶೆ ಹಿಡಿದು ಬರುತ್ತಾರೆ. "ದೋಷವಿರುವ ಲೋಹ-ಸಾವಯವ ಚೌಕಟ್ಟು ಮಾಡಿದ್ದೇವೆ ಮೇಡಂ, ಒಳ್ಳೆಯ ವೇಗವರ್ಧಕ" ಎನ್ನುತ್ತಾರೆ. (ಲೋಹದ ಗೊಂಚಲುಗಳನ್ನು ಸಾವಯವ ಕೊಂಡಿಗಳಿಂದ ಜೋಡಿಸಿ ಕಟ್ಟಿದ ರಂಧ್ರಮಯ ಘನವೇ ಈ ಚೌಕಟ್ಟು. ಕೊಂಡಿಯೋ ಗೊಂಚಲೋ ಇಲ್ಲದ ಜಾಗವೇ ದೋಷ.) ಎಷ್ಟು ದೋಷವಿದೆ ಎಂದು ಕೇಳಿದರೆ ಸುಮ್ಮನಾಗುತ್ತಾರೆ. ಎಣಿಸದ ದೋಷದ ಮೇಲೆ ಯಾವ ವಾದವನ್ನೂ ಕಟ್ಟಬಾರದು ಎಂಬುದು ನನ್ನ ಪಟ್ಟು. ಎಣಿಸುವುದಕ್ಕೆ ದೊಡ್ಡ ಯಂತ್ರವೇನೂ ಬೇಕಾಗಿಲ್ಲ.

ಯುಐಒ-66 ಅನ್ನೇ ಆರಿಸಿಕೊಳ್ಳಿ. 2008ರಲ್ಲಿ ಓಸ್ಲೋ ವಿಶ್ವವಿದ್ಯಾಲಯದವರು ಪ್ರಕಟಿಸಿದ ಈ ಚೌಕಟ್ಟಿನಲ್ಲಿ ಆರು ಜಿರ್ಕೋನಿಯಂ ಪರಮಾಣುಗಳ ಒಂದೊಂದು ಗೊಂಚಲಿಗೂ ಹನ್ನೆರಡು ಟೆರೆಫ್ತಾಲೇಟ್ ಕೊಂಡಿಗಳು ಅಂಟಿಕೊಂಡಿರುತ್ತವೆ. ಹನ್ನೆರಡರಲ್ಲಿ ಒಂದೆರಡು ಹೋದರೂ ಚೌಕಟ್ಟು ಕುಸಿಯುವುದಿಲ್ಲ. ಕೊಂಡಿ ಹೋದ ಜಾಗದಲ್ಲಿ ಜಿರ್ಕೋನಿಯಂ ತೆರೆದುಕೊಂಡು ಲೂಯಿಸ್ ಆಮ್ಲದಂತೆ, ಅಂದರೆ ಎಲೆಕ್ಟ್ರಾನ್ ಜೋಡಿಯನ್ನು ಸ್ವೀಕರಿಸುವಂತೆ, ವರ್ತಿಸುತ್ತದೆ, ರಂಧ್ರವೂ ಅಗಲವಾಗುತ್ತದೆ. ಕೆಲವೊಮ್ಮೆ ಇಡೀ ಗೊಂಚಲೇ ಕಾಣೆಯಾಗಿರುತ್ತದೆ. ಅದು ಬೇರೆ ಬಗೆಯ ದೋಷ.

ಮಾಡುವ ಕ್ರಮ ಹೀಗೆ. ಟೆಫ್ಲಾನ್ ಒಳಪದರದ ನಾಲ್ಕು ಆಟೋಕ್ಲೇವ್ (ಬಿಗಿಯಾಗಿ ಮುಚ್ಚುವ, ಒತ್ತಡ ತಾಳುವ ಪಾತ್ರೆ) ತೆಗೆದುಕೊಳ್ಳಿ. ಪ್ರತಿಯೊಂದಕ್ಕೂ 125 ಮಿಲಿಗ್ರಾಂ ಜಿರ್ಕೋನಿಯಂ ಕ್ಲೋರೈಡ್ (0.54 ಮಿಲಿಮೋಲ್), ಅಷ್ಟೇ ಮೋಲ್ ಟೆರೆಫ್ತಾಲಿಕ್ ಆಮ್ಲ, ಅಂದರೆ 90 ಮಿಲಿಗ್ರಾಂ, ಮತ್ತು 30 ಮೈಕ್ರೋಲೀಟರ್ ನೀರು. ಅಸಿಟಿಕ್ ಆಮ್ಲ ಮಾತ್ರ ಬೇರೆ ಬೇರೆ: ಮೊದಲನೆಯದಕ್ಕೆ ಇಲ್ಲ, ಉಳಿದವಕ್ಕೆ 0.31, 0.93, 3.1 ಮಿಲಿಲೀಟರ್. ಇವು ಜಿರ್ಕೋನಿಯಂನ ಸುಮಾರು 10, 30, 100 ಪಟ್ಟು ಮೋಲ್. ಒಟ್ಟು ದ್ರವ 18 ಮಿಲಿಲೀಟರ್ ಆಗುವಂತೆ ಡಿಎಂಎಫ್ (ಡೈಮೀಥೈಲ್ ಫಾರ್ಮಮೈಡ್ ಎಂಬ ದ್ರಾವಕ) ಸೇರಿಸಿ, 120 ಡಿಗ್ರಿಯಲ್ಲಿ 24 ಗಂಟೆ ಇಡಿ. ನಾಲ್ಕನ್ನೂ ಒಂದೇ ದಿನ, ಒಂದೇ ಓವನ್‌ನಲ್ಲಿ ಇಡಬೇಕು. ರಾತ್ರಿ ಕರೆಂಟ್ ಹೋದರೂ ನಾಲ್ಕಕ್ಕೂ ಒಂದೇ ಗತಿಯಾಗುತ್ತದೆ, ಹೋಲಿಕೆ ಕೆಡುವುದಿಲ್ಲ.

ಜಿರ್ಕೋನಿಯಂ ಕ್ಲೋರೈಡ್ ಗಾಳಿಯ ತೇವವನ್ನು ಕುಡಿದು ಹೈಡ್ರೋಕ್ಲೋರಿಕ್ ಆಮ್ಲದ ಹೊಗೆ ಬಿಡುತ್ತದೆ. ಏಪ್ರಿಲ್‌ನ ಒಣ ಬಿಸಿಲಿನಲ್ಲಿ ತೂಗಿದ ಪುಡಿಗೂ ಜುಲೈನ ಜಡಿಮಳೆಯಲ್ಲಿ ತೂಗಿದ ಪುಡಿಗೂ ವ್ಯತ್ಯಾಸ ಬರುತ್ತದೆ, ಆದ್ದರಿಂದ ಬೇಗ ತೂಗಿ ತಕ್ಷಣ ಮುಚ್ಚಳ ಹಾಕಿ. ಡಿಎಂಎಫ್ ಗರ್ಭಕ್ಕೆ ಹಾನಿ ಮಾಡುವ ದ್ರಾವಕ. ಕೈಗವಸು, ಫ್ಯೂಮ್ ಹುಡ್ ಇಲ್ಲದೆ ಅದನ್ನು ಮುಟ್ಟಬೇಡಿ.

ಅಸಿಟಿಕ್ ಆಮ್ಲ ಗೊಂಚಲಿನ ಮೇಲೆ ಕೊಂಡಿಯ ಜಾಗಕ್ಕೇ ಪೈಪೋಟಿ ನಡೆಸುತ್ತದೆ. ಇನ್ನೂ ಹೆಚ್ಚು ದೋಷ ಬೇಕಿದ್ದರೆ ಫಾರ್ಮಿಕ್, ಅದಕ್ಕೂ ಮುಂದೆ ಟ್ರೈಫ್ಲೂರೋಅಸಿಟಿಕ್ ಆಮ್ಲ: ಆಮ್ಲ ಪ್ರಬಲವಾದಷ್ಟೂ ದೋಷ ಹೆಚ್ಚು. ಒಂದು ಮಾತು ನೆನಪಿರಲಿ. ಆಮ್ಲ ಹಾಕದ ಮೊದಲ ಮಾದರಿ ನಿರ್ದೋಷಿಯಲ್ಲ. ಸಮಪ್ರಮಾಣದಲ್ಲಿ, 120 ಡಿಗ್ರಿಯಲ್ಲಿ ಮಾಡಿದ ಯುಐಒ-66ರಲ್ಲಿ ಕೊಂಡಿ ತಪ್ಪಿಯೇ ಇರುತ್ತದೆ. ಅದನ್ನು "ಪರಿಪೂರ್ಣ" ಎಂದು ವರದಿಯಲ್ಲಿ ಬರೆಯಬೇಡಿ.

ಪುಡಿಯನ್ನು ಡಿಎಂಎಫ್‌ನಲ್ಲಿ, ಆಮೇಲೆ ಮೆಥನಾಲ್‌ನಲ್ಲಿ ಮತ್ತೆ ಮತ್ತೆ ತೊಳೆದು, ರಾತ್ರಿಯಿಡೀ ಮೆಥನಾಲ್‌ನಲ್ಲಿ ನೆನೆಸಿ, ನಿರ್ವಾತದಲ್ಲಿ 120 ಡಿಗ್ರಿಗೆ ಒಣಗಿಸಿ. ಇಲ್ಲಿ ಅವಸರ ಬೇಡ. ರಂಧ್ರದಲ್ಲಿ ಉಳಿದ ಆಮ್ಲ ತಾನೇ ಎಸ್ಟರೀಕರಣವನ್ನು (ಕೊನೆಗೆ ನಾವು ಪರೀಕ್ಷಿಸುವ, ಆಮ್ಲ ಮತ್ತು ಮೆಥನಾಲ್ ಸೇರಿ ಎಸ್ಟರ್ ಆಗುವ ಕ್ರಿಯೆ) ನಡೆಸಿಬಿಡುತ್ತದೆ, ಆ ಶ್ರೇಯಸ್ಸು ದೋಷಕ್ಕೆ ಹೋಗುತ್ತದೆ.

ಎಕ್ಸ್-ರೇ ವಿವರ್ತನೆಗೆ ಮಾದರಿ ಕಳುಹಿಸುವಾಗ 3 ಡಿಗ್ರಿಯಿಂದಲೇ ಸ್ಕ್ಯಾನ್ ಆರಂಭಿಸಲು ಚೀಟಿಯಲ್ಲಿ ಬರೆಯಿರಿ. ವಾಡಿಕೆಯಂತೆ 10 ಡಿಗ್ರಿಯಿಂದ ಆರಂಭಿಸಿದರೆ, ತಾಮ್ರದ ಕಿರಣಕ್ಕೆ 7.4 ಮತ್ತು 8.5 ಡಿಗ್ರಿಯಲ್ಲಿ ಬರುವ ಎರಡು ಮುಖ್ಯ ಶಿಖರಗಳೇ ತಪ್ಪಿಹೋಗುತ್ತವೆ. ಅವುಗಳಿಗಿಂತ ಕೆಳಗೆ ಅಗಲವಾದ ಉಬ್ಬು ಕಂಡರೆ ಗೊಂಚಲುಗಳೇ ಕಾಣೆಯಾಗಿರುವ ಸುಳಿವು.

ಇನ್ನು ಎಣಿಕೆ. ಉಷ್ಣತೂಕ ವಿಶ್ಲೇಷಣೆಯನ್ನು (ಬಿಸಿ ಏರಿಸುತ್ತಾ ತೂಕ ಇಳಿಯುವುದನ್ನು ಅಳೆಯುವ ವಿಧಾನ) ಗಾಳಿಯಲ್ಲೇ ಮಾಡಿಸಬೇಕು. ನೈಟ್ರೋಜನ್‌ನಲ್ಲಿ ಕೊಂಡಿ ಪೂರ್ತಿ ಉರಿಯದೆ ಇದ್ದಿಲಾಗಿ ಉಳಿಯುತ್ತದೆ, ಲೆಕ್ಕ ಹಾಳಾಗುತ್ತದೆ. ಗಾಳಿಯಲ್ಲಿ ಕೊನೆಗೆ ಉಳಿಯುವುದು ಜಿರ್ಕೋನಿಯಂ ಆಕ್ಸೈಡ್ ಮಾತ್ರ. ಆ ತೂಕವನ್ನು 100 ಎಂದಿಟ್ಟುಕೊಳ್ಳಿ. ಆರೂ ಕೊಂಡಿಗಳಿರುವ, ನೀರು ಕಳೆದ ಆದರ್ಶ ಚೌಕಟ್ಟು ಅದೇ ಅಳತೆಯಲ್ಲಿ 220.2 ಬರಬೇಕು. ಹಾಗಾದರೆ ಒಂದು ಕೊಂಡಿಯ ಪಾಲು 20.03. (ಗೊಂಚಲಿಗೆ ಹನ್ನೆರಡಾದರೂ ಪ್ರತಿ ಕೊಂಡಿಯನ್ನು ಎರಡು ಗೊಂಚಲುಗಳು ಹಂಚಿಕೊಳ್ಳುವುದರಿಂದ ಸೂತ್ರದಲ್ಲಿ ಆರು.) ಉದಾಹರಣೆಗೆ ಕೊಂಡಿ ಉರಿಯುವ ಮೊದಲಿನ ಸಮತಟ್ಟಿನಲ್ಲಿ, ಸುಮಾರು 400 ಡಿಗ್ರಿಯಲ್ಲಿ, ತೂಕ ಶೇ. 72.0, ಕೊನೆಯಲ್ಲಿ ಶೇ. 36.9 ಇದೆ ಎನ್ನೋಣ. 72.0 ಭಾಗಿಸು 36.9, ನೂರರಿಂದ ಗುಣಿಸಿದರೆ 195.1. ಅದರಲ್ಲಿ 100 ಕಳೆದು 20.03ರಿಂದ ಭಾಗಿಸಿ: 4.75. ಆರರಲ್ಲಿ 1.25 ಕೊಂಡಿ ಇಲ್ಲ. ಗೊಂಚಲಿಗೆ ಹನ್ನೆರಡರ ಬದಲು ಒಂಬತ್ತೂವರೆ. ಇಷ್ಟು ಸರಳವಾದ ಅಂಕಗಣಿತದಿಂದ ಕಣ್ಣಿಗೆ ಕಾಣದ ಖಾಲಿ ಜಾಗ ಲೆಕ್ಕಕ್ಕೆ ಸಿಗುವುದನ್ನು ನೋಡಿದಾಗಲೆಲ್ಲ ನನಗೆ ಸಂತೋಷವಾಗುತ್ತದೆ. ಸಮತಟ್ಟು ಸ್ಪಷ್ಟವಾಗಿಲ್ಲದಿದ್ದರೆ ಬಿಸಿಯೇರಿಕೆಯನ್ನು ನಿಧಾನಗೊಳಿಸಿ ಮತ್ತೆ ಮಾಡಿಸಿ.

ಇನ್ನು ದೋಷ ಎಸ್ಟರೀಕರಣಕ್ಕೆ ವೇಗವರ್ಧಕವಾಗುತ್ತದೆಯೇ ಎಂಬ ಪರೀಕ್ಷೆ. ಅದಕ್ಕೆ ಒಲೀಯಿಕ್ ಆಮ್ಲ (ಎಣ್ಣೆಗಳಲ್ಲಿರುವ ಒಂದು ಕೊಬ್ಬಿನಾಮ್ಲ) ಸಾಕು. ನಮ್ಮ ಕಡೆಯ ಹೊಂಗೆ ಎಣ್ಣೆಯಿಂದಲೇ ಆರಂಭಿಸುವ ಆಸೆ ಎಲ್ಲರಿಗೂ ಇರುತ್ತದೆ, ಆದರೆ ಅದರ ಗಾಢ ಬಣ್ಣದಲ್ಲಿ, ಟೈಟ್ರೇಷನ್ ಮುಗಿದದ್ದನ್ನು ತೋರಿಸುವ ಫಿನಾಫ್ತಲೀನ್‌ನ ನಸುಗೆಂಪು ಕಾಣುವುದೇ ಕಷ್ಟ. ಎಣ್ಣೆ ಎರಡನೆಯ ಹಂತಕ್ಕಿರಲಿ. 5 ಗ್ರಾಂ ಒಲೀಯಿಕ್ ಆಮ್ಲಕ್ಕೆ 14 ಮಿಲಿಲೀಟರ್ ಮೆಥನಾಲ್ ಹಾಕಿ ರಿಫ್ಲಕ್ಸ್ ಮಾಡಿ, ಅಂದರೆ ಆವಿಯನ್ನು ತಣಿಸಿ ಮರಳಿ ಬೀಳಿಸುತ್ತಾ ಕುದಿಸಿ. ನಾಲ್ಕು ಮಾದರಿಗಳನ್ನೂ ಸಮ ತೂಕದಲ್ಲಿ ಹಾಕಬೇಡಿ. ದೋಷ ಹೆಚ್ಚಿದಂತೆ ಗ್ರಾಮಿಗೆ ಜಿರ್ಕೋನಿಯಂ ಹೆಚ್ಚುತ್ತದೆ, ಹಾಗಾಗಿ ಸಮ ಜಿರ್ಕೋನಿಯಂ ಹಾಕಿ. ಮೇಲಿನ ಶೇ. 36.9ರ ಪ್ರಕಾರ ಆ ಪುಡಿಯ ಒಂದು ಗ್ರಾಂನಲ್ಲಿ 3.0 ಮಿಲಿಮೋಲ್ ಜಿರ್ಕೋನಿಯಂ ಇದೆ. ಕಾಲಕಾಲಕ್ಕೆ ಮಾದರಿ ತೆಗೆದು, ಪುಡಿ ಸೋಸಿ, ಮೆಥನಾಲ್ ಆವಿಯಾಗಿಸಿ, ಅರ್ಧ ಗ್ರಾಂ ತೂಗಿ 0.1 ನಾರ್ಮಲ್ ಪೊಟ್ಯಾಸಿಯಂ ಹೈಡ್ರಾಕ್ಸೈಡ್‌ನಿಂದ ಟೈಟ್ರೇಟ್ ಮಾಡಿ. ಆರಂಭದಲ್ಲಿ ಬ್ಯುರೆಟ್ ಸುಮಾರು 17.7 ಮಿಲಿಲೀಟರ್ ತೋರಿಸಬೇಕು. ಕ್ರಿಯೆ ನಡೆದಂತೆ ಅದು ಇಳಿಯುತ್ತದೆ.

ಪುಡಿ ಹಾಕದ ಖಾಲಿ ಪ್ರಯೋಗವೊಂದನ್ನು ಜೊತೆಯಲ್ಲೇ ನಡೆಸಿ. ಅರ್ಧ ದಾರಿಯಲ್ಲಿ ಬಿಸಿಯಾಗಿರುವಾಗಲೇ ಪುಡಿಯನ್ನು ಸೋಸಿ ತೆಗೆದು ದ್ರವವನ್ನಷ್ಟೇ ಕುದಿಸುವುದನ್ನು ಮುಂದುವರಿಸಿ. ಅಲ್ಲಿಂದಾಚೆಗೆ ಬ್ಯುರೆಟ್ಟಿನ ಅಂಕಿ ಖಾಲಿ ಪ್ರಯೋಗದಷ್ಟೇ ನಿಧಾನವಾಗಿ ಇಳಿದರೆ ಕೆಲಸ ನಡೆದದ್ದು ಘನದಲ್ಲಿ. ಅದಕ್ಕಿಂತ ವೇಗವಾಗಿ ಇಳಿದರೆ ಜಿರ್ಕೋನಿಯಂ ಅಥವಾ ಉಳಿಕೆ ಆಮ್ಲ ದ್ರವಕ್ಕೆ ಸೋರಿದೆ. ಮತ್ತೆ ತೊಳೆಯುವ ಹಂತಕ್ಕೆ ಹೋಗಿ.